ಒಂಬತ್ತು ಯಂತ್ರಗಳ ಕರ್ನಲ್

ಬೆಳಿಗ್ಗೆ ಹತ್ತೂಕಾಲಿಗೆ ಮುಖ್ಯ ಗ್ರಂಥಪಾಲಕರು ಒಂದು ಹಾಳೆಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು, ಸತ್ತ ಜಿರಲೆಯನ್ನು ಹೊರಗೆ ಎಸೆಯಲು ಹೊರಟವರ ಹಾಗೆ, ಕಂಪ್ಯೂಟರ್ ಕೋಣೆಗೆ ಬಂದರು.

"ಮೇಡಂ, ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂದಿದೆ. ಯಾರೋ ಕರ್ನಲ್ ವಿಷಯ. ಹಳೇ ಕರ್ನಲ್‌ನ ತೆಗೆದು ಹೊಸ ಕರ್ನಲ್‌ನ ಕೂರಿಸ್ಬೇಕಂತೆ. ಅದೂ ಇವತ್ತು ಸಂಜೆ ಐದರೊಳಗೆ. ನಮ್ಮಲ್ಲಿ ಮಿಲಿಟರಿಯವರು ಯಾವಾಗಿಂದ ಇದ್ದಾರೆ?"

ಕಿಟಕಿಯ ಪಕ್ಕ ಕೂತಿದ್ದ ನಿವೃತ್ತ ಸ್ಟೇಷನ್ ಮಾಸ್ಟರು ಪತ್ರಿಕೆಯಿಂದ ತಲೆ ಎತ್ತಿದರು. ಗ್ರಂಥಾಲಯದ ಬಾಗಿಲು ತೆರೆಯುವುದಕ್ಕೆ ಐದು ನಿಮಿಷ ಮೊದಲೇ ಬಂದು, ಮುಚ್ಚಿದ ಐದು ನಿಮಿಷಕ್ಕೆ ಹೊರಡುವ ಓದುಗರು ಅವರು. "ಪಾಪ, ಎಷ್ಟು ವರ್ಷ ಸೇವೆ ಮಾಡಿದ್ರೋ ಏನೋ. ಒಂದು ಹಾರ ಹಾಕಿ ಬೀಳ್ಕೊಡೋದು ಬೇಡ್ವಾ?" ಎಂದರು.

ಮೇಡಂ ಹಾಳೆಯನ್ನು ಕಿತ್ತುಕೊಂಡು ಓದಿದರು. ಓದುತ್ತ ಓದುತ್ತ ಅವರ ಮೂಗಿನ ಹೊಳ್ಳೆಗಳು ಅಗಲವಾದವು. ಎದುರಿಗೆ ಎಲ್ಲರೂ 'ಮೇಡಂ' ಎನ್ನುತ್ತಿದ್ದ ಈ ಕಂಪ್ಯೂಟರ್ ಮೇಲ್ವಿಚಾರಕಿಗೆ ಬೆನ್ನ ಹಿಂದೆ 'ಸಿಡಿಮದ್ದು' ಎಂಬ ಹೆಸರಿತ್ತು. ಆ ಹೆಸರು ಅವರಿಗೂ ಗೊತ್ತಿತ್ತು. ಅದನ್ನು ಇಟ್ಟವರ ಮೇಲೆ ಹನ್ನೊಂದು ವರ್ಷಗಳಿಂದ ಕೋಪವಿತ್ತು.

"ಕರ್ನಲ್ ಅಂದ್ರೆ ಮನುಷ್ಯ ಅಲ್ಲ ಸಾರ್! ಕಂಪ್ಯೂಟರ್ ಹೊಟ್ಟೆಯೊಳಗಿರೋ ತಿರುಳು. ಯಂತ್ರಕ್ಕೂ ನಾವು ಬಳಸೋ ತಂತ್ರಾಂಶಕ್ಕೂ ನಡುವೆ ಮಾತುಕತೆ ನಡೆಸೋದು ಅದೇ. ಅದನ್ನ ಬದಲಾಯಿಸಿ ಅಂತಿದ್ದಾರೆ. ಹೊಸ ಯಂತ್ರಕ್ಕಾದ್ರೆ ಸರಿ. ಇವಕ್ಕೆ?"

ಅವರು ಕೈ ತೋರಿಸಿದ ಕಡೆ ಒಂಬತ್ತು ಕಂಪ್ಯೂಟರುಗಳು ಸಾಲಾಗಿ ಕೂತಿದ್ದವು. ಎಲ್ಲಕ್ಕೂ ಹದಿಮೂರು ವರ್ಷ. ಬಿಳಿಯ ಬಣ್ಣ ಹಳದಿಗೆ ತಿರುಗಿ, ಒಳಗಿನ ಫ್ಯಾನುಗಳು ದಮ್ಮು ಹಿಡಿದವರಂತೆ ಏದುಸಿರು ಬಿಡುತ್ತಿದ್ದವು. ಆದರೂ ಊರಿನ ಅರ್ಧ ಜನ ಕೆಲಸಕ್ಕೆ ಅರ್ಜಿ ಹಾಕುವುದು, ಪರೀಕ್ಷೆಯ ಫಲಿತಾಂಶ ನೋಡುವುದು, ದೂರದ ಮಕ್ಕಳ ಮುಖ ಕಾಣುವುದು ಇವುಗಳಲ್ಲೇ.

"ಮಾಡದಿದ್ರೆ ಏನಾಗುತ್ತೆ?" ಮುಖ್ಯರು ಕೇಳಿದರು.

"ಇಡೀ ಗ್ರಂಥಾಲಯದ ಸಂಪರ್ಕ ಕತ್ತರಿಸ್ತಾರಂತೆ. ಹಳೇ ಕರ್ನಲ್‌ನಲ್ಲಿ ಕಳ್ಳರು ನುಗ್ಗೋಕೆ ಕಿಂಡಿ ಇದೆಯಂತೆ."

"ಮಾಡಿದ್ರೆ?"

"ಮಾಡಿದ್ರೆ ಒಂಬತ್ತನೇದು ಸಾಯುತ್ತೆ ಸಾರ್. ಮರೆತುಬಿಟ್ರಾ?"

ಒಂಬತ್ತನೆಯ ಯಂತ್ರಕ್ಕೆ ಒಂದು ಸ್ಕ್ಯಾನರ್ ತಗುಲಿಸಿತ್ತು. ಪುಸ್ತಕವನ್ನು ಅದರ ಮೇಲೆ ಮಗುಚಿಟ್ಟರೆ ಯಂತ್ರ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಹೋದ ವರ್ಷ ಇಂಥದ್ದೇ ಸುತ್ತೋಲೆಯನ್ನು ನಂಬಿ ಮೇಡಂ ಹೊಸ ಕರ್ನಲ್ ಹಾಕಿದ್ದರು. ಮರುಕ್ಷಣದಿಂದ ಅದು ಸ್ಕ್ಯಾನರನ್ನು ಕಂಡೇ ಇಲ್ಲವೆಂಬಂತೆ ಮುಖ ತಿರುಗಿಸಿತು. ದಿನಾ ಮಧ್ಯಾಹ್ನ ಬರುವ, ಕಣ್ಣು ಕಾಣದ ನಿವೃತ್ತ ಟೀಚರಮ್ಮ ನಾಲ್ಕು ತಿಂಗಳು ಅದೇ ಕುರ್ಚಿಯಲ್ಲಿ ಸುಮ್ಮನೆ ಕೂತು ಎದ್ದು ಹೋಗಿದ್ದರು. ಹೇಗೋ ಹರಸಾಹಸ ಮಾಡಿ ಮೇಡಂ ಹಳೆಯದನ್ನೇ ಮರಳಿ ಹಾಕಿದಾಗ ಟೀಚರಮ್ಮ ಯಂತ್ರದ ಬೆನ್ನು ಸವರಿದ್ದನ್ನು ಅವರು ಮರೆತಿರಲಿಲ್ಲ.

"ಹಾಗಾದ್ರೆ ನೀವೇ ಹೇಳಿ. ಮಾಡಲಾ, ಬೇಡವಾ?"

ಮುಖ್ಯರು ಚಾವಣಿಯನ್ನು ನೋಡಿದರು. "ಮಾಡಿ ಅಂತ ನಾನು ಹೇಳಲ್ಲ. ಬೇಡ ಅಂತಾನೂ ಹೇಳಲ್ಲ. ನಿಮ್ಮ ವಿವೇಚನೆಗೆ ಬಿಟ್ಟಿದ್ದೀನಿ" ಎಂದು, ವಿವೇಚನೆಯನ್ನು ಮೇಡಮ್ಮನ ಮೇಜಿನ ಮೇಲೆ ಬಿಟ್ಟು, ಹೊರಟೇ ಹೋದರು.

ಮೇಡಂ ಕೇಂದ್ರ ಕಚೇರಿಯ ತಾಂತ್ರಿಕ ವಿಭಾಗಕ್ಕೆ ಫೋನು ಮಾಡಿದರು. 'ದಯವಿಟ್ಟು ಕಾಯಿರಿ' ಎಂದು ಐವತ್ತು ನಿಮಿಷ ಕೊಳಲು ಕೇಳಿಸಿತು. ಐವತ್ತೊಂದನೆಯ ನಿಮಿಷಕ್ಕೆ, ಆಗಷ್ಟೇ ನಿದ್ದೆಯಿಂದ ಎದ್ದಂಥ ದನಿಯೊಂದು "ಹೇಳಿ" ಎಂದಿತು.

"ನಮ್ಮ ಯಂತ್ರ ಹದಿಮೂರು ವರ್ಷದ್ದು. ಕರ್ನಲ್ ಹಾಕಿ ಸ್ಕ್ಯಾನರ್ ನಿಂತ್ರೆ ಯಾರು ಜವಾಬ್ದಾರಿ?"

"ಅದು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ."

"ಸರಿ, ಹಾಕದೆ ಕಳ್ಳರು ನುಗ್ಗಿದ್ರೆ?"

"ಅದೂ ನಮ್ಮ ವ್ಯಾಪ್ತಿಗೆ ಬರಲ್ಲ."

"ಎಂಟಕ್ಕೆ ಹಾಕಿ ಒಂಬತ್ತನೇದನ್ನ ಬಿಟ್ರೆ?"

"ಪಟ್ಟಿಯಲ್ಲಿ ಒಂಬತ್ತಿದೆ. ಒಂಬತ್ತೂ ಆಗಬೇಕು."

"ನಿಮ್ಮ ವ್ಯಾಪ್ತಿ ಎಷ್ಟು ಉದ್ದ, ಎಷ್ಟು ಅಗಲ ಅಂತ ಸ್ವಲ್ಪ ಹೇಳ್ತೀರಾ? ಅಳೆದು ಬೇಲಿ ಹಾಕಿಸ್ತೀನಿ!"

ಆ ಕಡೆ ಮತ್ತೆ ಕೊಳಲು ಶುರುವಾಯಿತು.

ಫೋನನ್ನು ಕುಕ್ಕಿದ ಸದ್ದಿಗೆ ಪಕ್ಕದ ಕೋಣೆಯಿಂದ ಬೈಂಡರ್ ಬಂದ. ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟುವುದು ಅವನ ಕೆಲಸ. ಮಿಕ್ಕವರ ಕೆಲಸದಲ್ಲಿ ಮೂಗು ತೂರಿಸುವುದು ಅವನ ಹವ್ಯಾಸ. ವಿಷಯ ಕೇಳಿ ಅಂಟು ಮೆತ್ತಿದ ಬೆರಳಿನಿಂದ ಗಲ್ಲ ಕೆರೆದುಕೊಂಡ.

"ಮೇಡಂ, ನನ್ನ ಅನುಭವ ಹೇಳ್ತೀನಿ. ಹಳೇ ಪುಸ್ತಕಕ್ಕೆ ಹೊಸ ರಟ್ಟು ಹಾಕಿದ್ರೆ ಏನಾಗುತ್ತೆ? ರಟ್ಟು ಗಟ್ಟಿ ನಿಲ್ಲುತ್ತೆ, ಹಾಳೆ ಉದುರುತ್ತೆ. ಕೈ ಹಚ್ಚಲೇಬೇಡಿ."

"ಇದು ರಟ್ಟಲ್ಲ."

"ಹಾಗಾದ್ರೆ ಹೊಲಿಗೆ ಅಂದ್ಕೊಳ್ಳಿ. ಹೊಲಿಗೆ ಸಡಿಲ ಆದ್ರೆ ಪುಸ್ತಕಾನೇ ಹೋಯ್ತು. ಇವತ್ತೇ ಬದಲಾಯಿಸಿ."

"ಒಂದು ನಿಮಿಷದಲ್ಲಿ ಎರಡು ಮಾತಾಡ್ತೀಯಲ್ಲ, ನಾಚಿಕೆ ಇಲ್ವಾ ನಿನಗೆ?"

ಅಷ್ಟರಲ್ಲಿ ಎದುರಿನ ಜೆರಾಕ್ಸ್ ಅಂಗಡಿಯವನು ಬಂದ. ಯಾರು ಹೇಳಿದರೋ, ಕೂಗಾಟವೇ ರಸ್ತೆ ದಾಟಿ ಹೋಗಿ ಕರೆದಿತ್ತೋ. ಊರಿನಲ್ಲಿ ಯಾರ ಮೊಬೈಲು ಕೆಟ್ಟರೂ ಅವನೇ ವೈದ್ಯ. ಅವನ ಕೈಯಿಂದ ಗುಣವಾದ ಮೊಬೈಲನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಅಯ್ಯೋ, ಇಷ್ಟೇನಾ? ಸರೀರಿ ಮೇಡಂ, ಎರಡೇ ನಿಮಿಷ" ಎಂದವನೇ ಮೂರನೆಯ ಯಂತ್ರದ ಮುಂದೆ ಕೂತು ಬೆರಳು ನೆಟಿಕೆ ಮುರಿದ. ಮೇಡಂ ಮೇಜಿನ ಮೇಲಿದ್ದ ಸ್ಕೇಲನ್ನು ತೆಗೆದುಕೊಂಡರು. ಅವನ ಬೆರಳು ಕೀಲಿಮಣೆ ಮುಟ್ಟುವ ಮೊದಲೇ ಸ್ಕೇಲು ಬೆರಳನ್ನು ಮುಟ್ಟಿತು.

"ಅಮ್ಮಾ!"

"ಎದ್ದೇಳು! ಹೋದ ತಿಂಗಳು ನನ್ನ ತಂಗಿ ಫೋನಿನಲ್ಲಿದ್ದ ಫೋಟೋ ಎಲ್ಲ ಅಳಿಸಿ, 'ಈಗ ಹಗುರ ಆಯ್ತು ನೋಡಿ' ಅಂದವನು ನೀನೇ ಅಲ್ವಾ?"

ಸ್ಟೇಷನ್ ಮಾಸ್ಟರು ಗಂಟಲು ಸರಿಪಡಿಸಿಕೊಂಡರು. "ನನ್ನ ಕಾಲದಲ್ಲಿ, ಸಿಗ್ನಲ್ ಬದಲಾಯಿಸೋ ಮುಂಚೆ..."

"ನಿಮ್ಮ ಕಾಲದ ರೈಲು ಮೂರು ಗಂಟೆ ತಡವಾಗಿ ಬರ್ತಿತ್ತು ಸಾರ್, ಸುಮ್ಮನಿರಿ!"

ಹೀಗೆ ಮಧ್ಯಾಹ್ನ ಎರಡಾಯಿತು. ಮೇಡಮ್ಮನ ಊಟದ ಡಬ್ಬಿ ಮುಚ್ಚಳ ತೆರೆಯದೆ ತಣ್ಣಗಾಯಿತು. ಮೇಡಂ ಮಾತ್ರ ಗಂಟೆಗೊಂದು ಡಿಗ್ರಿ ಏರುತ್ತಿದ್ದರು. ಹಾಕಿದರೆ ಟೀಚರಮ್ಮನ ಶಾಪ, ಹಾಕದಿದ್ದರೆ ಊರಿನ ಶಾಪ. ಎರಡು ಸಲ ಕರ್ನಲ್ ಹಾಕುವ ಆದೇಶವನ್ನು ಪರದೆಯ ಮೇಲೆ ಟೈಪು ಮಾಡಿದರು. ಎರಡು ಸಲವೂ ಅಳಿಸಿದರು.

ಎರಡೂವರೆಗೆ ಟೀಚರಮ್ಮ ಕೋಲು ಕುಟ್ಟುತ್ತ ಬಂದರು. ಕೋಣೆಯಲ್ಲಿ ಅಷ್ಟು ಜನರಿದ್ದೂ ಯಾರೂ ಮಾತಾಡದಿದ್ದುದು ಅವರಿಗೆ ತಕ್ಷಣ ತಿಳಿಯಿತು. "ಯಾರು ಸತ್ರು?" ಎಂದು ಕೇಳಿದರು.

ಬೈಂಡರ್ ಎಲ್ಲವನ್ನೂ ಹೇಳಿದ. ಹೇಳಬೇಡ ಎಂದು ಮೇಡಂ ಕಣ್ಣಲ್ಲೇ ಸುಟ್ಟರೂ ಹೇಳಿದ.

ಟೀಚರಮ್ಮ ಕೋಲನ್ನು ಮೇಜಿಗೆ ಒರಗಿಸಿದರು. "ನನ್ನೊಬ್ಬಳಿಗೋಸ್ಕರ ಊರಿಗೆಲ್ಲ ಯಾಕಮ್ಮ ತೊಂದರೆ? ಹಾಕಿಬಿಡು ಅದೇನೋ ತಿರುಳನ್ನ. ಒಂದೇ ಒಂದು ಉಪಕಾರ ಮಾಡು. ಪತ್ತೇದಾರಿ ಕಾದಂಬರಿ ಓದ್ತಿದ್ದೀನಿ, ಇನ್ನು ಹದಿನೇಳು ಪುಟ ಇದೆ. ಕೊಂದವರು ಯಾರು ಅಂತ ಗೊತ್ತಾಗೋವರೆಗಾದ್ರೂ ತಡಿ."

"ಅದಾ? ಅದನ್ನ ನಾನು ಓದಿದ್ದೀನಿ" ಎಂದು ಸ್ಟೇಷನ್ ಮಾಸ್ಟರು ಉತ್ಸಾಹದಿಂದ ಎದ್ದರು. "ಕೊಂದಿದ್ದು..."

"ಬಾಯಿ ಮುಚ್ಚಿ!" ಎಂದು ಮೇಡಂ ಕಿರುಚಿದ್ದಕ್ಕೆ ಕಪಾಟಿನ ಗಾಜು ನಡುಗಿತು.

ಆ ಕಿರುಚಿನಲ್ಲೇ ಅವರ ತೀರ್ಮಾನವೂ ಆಗಿಹೋಯಿತು. ನಾಲ್ಕು ತಿಂಗಳು ಸುಮ್ಮನೆ ಕೂತು ಹೋದ ಹೆಂಗಸು, ಈಗ ಹದಿನೇಳು ಪುಟ ಬೇಡುತ್ತಿದ್ದಾಳೆ! ಯಾರಿಂದಾಗಿ? ಎಲ್ಲೋ ಕೂತು ಕೊಳಲು ಕೇಳಿಸುವವರಿಂದಾಗಿ! ಮೇಡಮ್ಮನ ಪಿತ್ತ ನೆತ್ತಿಗೇರಿತು. ಕುರ್ಚಿ ಎಳೆದುಕೊಂಡು ಕೂತು ಪತ್ರ ಬರೆಯತೊಡಗಿದರು.

'ಮಾನ್ಯರೇ, ನಾನು ಈ ಕುರ್ಚಿಯಲ್ಲಿ ಇರುವವರೆಗೆ ಈ ಒಂಬತ್ತು ಯಂತ್ರಗಳಲ್ಲಿ ಒಂದಕ್ಕೂ ಹೊಸ ಕರ್ನಲ್ ಹಾಕುವುದಿಲ್ಲ. ಹಾಕಿದರೆ ಸ್ಕ್ಯಾನರ್ ಖಂಡಿತ ನಿಲ್ಲುತ್ತದೆ. ಇದನ್ನು ನಾನು ಊಹೆಯಿಂದಲ್ಲ, ಅನುಭವದಿಂದ ಬರೆಯುತ್ತಿದ್ದೇನೆ...' ಎಂದು ಶುರುವಾದ ಪತ್ರ ಮೂರು ಪುಟಕ್ಕೆ ಬೆಳೆಯಿತು. ಹಳೆಯ ಯಂತ್ರಗಳ ಯಾವ ಯಾವ ಭಾಗ ಯಾವ ಯಾವ ರೀತಿ ಕೈಕೊಡುತ್ತದೆ ಎಂಬುದನ್ನೆಲ್ಲ ಬಿಡಿಸಿ ಬರೆದರು. ಕೊನೆಯ ಪುಟದಲ್ಲಿ ಕೇಂದ್ರ ಕಚೇರಿಯವರ ಬುದ್ಧಿಯ ಬಗ್ಗೆ ಎರಡು ಪ್ಯಾರಾ ಇತ್ತು.

ಅಚ್ಚು ಹಾಕಿ ಎಲ್ಲರ ಮುಂದೆ ಹಿಡಿದರು. "ಇಷ್ಟು ಹೊತ್ತು ಬಾಯಿ ಬಡ್ಕೊಂಡ್ರಲ್ಲ, ಈಗ ಸಹಿ ಹಾಕಿ!"

ಬೈಂಡರ್ ಹಾಕಿದ. ಸ್ಟೇಷನ್ ಮಾಸ್ಟರು ಹಳೆಯ ಹುದ್ದೆಯ ಸಮೇತ ಹಾಕಿದರು. ಜೆರಾಕ್ಸ್ ಅಂಗಡಿಯವನು ಸ್ಕೇಲನ್ನು ನೋಡಿ ಹಾಕಿದ. ಮುಖ್ಯರು ಪತ್ರವನ್ನು ಎರಡು ಸಲ ಓದಿ, ಮೂಲೆಯಲ್ಲಿ 'ನೋಡಿದೆ' ಎಂದು ಬರೆದು, ಯಾರ ಹೆಸರೂ ಆಗಬಹುದಾದ ಒಂದು ಗೀಟು ಎಳೆದರು. ನಾಲ್ಕು ಗಂಟೆಗೆ ಮೇಡಂ ಪತ್ರವನ್ನು ಸ್ಕ್ಯಾನ್ ಮಾಡಿ ಕೇಂದ್ರ ಕಚೇರಿಗೆ ಕಳಿಸಿ, ಬೆಳಗಿನಿಂದ ಮೊದಲ ಬಾರಿಗೆ ಬೆನ್ನನ್ನು ಕುರ್ಚಿಗೆ ಆನಿಸಿದರು.

ಟೀಚರಮ್ಮನ ಕಾದಂಬರಿ ಮುಂದುವರಿಯಿತು. ಯಂತ್ರ ತನ್ನ ಬೋಳು ದನಿಯಲ್ಲಿ, "ಪತ್ತೇದಾರ ಎಲ್ಲರನ್ನೂ ಒಂದೇ ಕೋಣೆಗೆ ಕರೆದ. ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ ಎಂದ. ಅವನು ಬೆರಳು ಎತ್ತಿ" ಎಂದಿತು.

ಟಪ್!

ದೀಪಗಳು ಆರಿದವು. ಫ್ಯಾನುಗಳ ಏದುಸಿರು ನಿಂತಿತು. ಒಂಬತ್ತೂ ಪರದೆಗಳು ಕಣ್ಣು ಮುಚ್ಚಿದವು.

ಪಕ್ಕದ ಕೋಣೆಯಿಂದ ಬೈಂಡರನ ದನಿ ಬಂತು. "ಏನಿಲ್ಲ ಮೇಡಂ, ಅಂಟು ಕಾಯಿಸೋಣ ಅಂತ ಕರೆಂಟ್ ಒಲೆ ಹಾಕ್ದೆ. ಫ್ಯೂಸ್ ಹೋಯ್ತು ಅನ್ಸುತ್ತೆ."

ಅವನಿಗೆ ಮೇಡಂ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಎಂಟು ತಿಂಗಳಿಂದ ಆ ಯಂತ್ರಗಳನ್ನು ಅವರು ಒಮ್ಮೆಯೂ ಆರಿಸಿರಲಿಲ್ಲ. ಕರೆಂಟು ಹೋದಾಗಲೂ ಇನ್ವರ್ಟರ್ ಅವನ್ನು ಎಚ್ಚರವಾಗಿಟ್ಟಿತ್ತು, ಈಗ ಹೋದದ್ದು ಅದರ ಫ್ಯೂಸೇ. ಆರಿಸಿದರೆ ಮತ್ತೆ ಏಳುತ್ತವೆಂಬ ಭರವಸೆ ಇರಲಿಲ್ಲ. ಫ್ಯೂಸ್ ಹಾಕಿದ ಮೇಲೆ ಒಂದೊಂದೇ ಗುಂಡಿ ಒತ್ತಿದರು. ಒಂದು ಕೆಮ್ಮಿತು, ಎದ್ದಿತು. ಎರಡು ನರಳಿತು, ಎದ್ದಿತು. ಹೀಗೆ ಒಂಬತ್ತೂ ಎದ್ದವು. ಎದ್ದ ಪ್ರತಿಯೊಂದರ ಪರದೆಯ ಮೇಲೂ ಒಂದು ಸಾಲು ಮಿನುಗಿ ಹೋಯಿತು. ಅದನ್ನು ಓದಿದ ಮೇಡಂ ಕುರ್ಚಿಯ ಕೈ ಹಿಡಿದುಕೊಂಡರು.

ಹೊಸ ಕರ್ನಲ್. ಸುತ್ತೋಲೆ ಕೇಳಿದ್ದ ಅದೇ ಹೊಸ ಕರ್ನಲ್. ಒಂಬತ್ತರಲ್ಲೂ.

"ಯಾರು? ಯಾರು ಹಾಕಿದ್ದು?" ಎಂದು ಗುಡುಗಿದರು. ಜೆರಾಕ್ಸ್ ಅಂಗಡಿಯವನು ಬಾಗಿಲ ಹತ್ತಿರ ಸರಿದ. ಮೇಡಂ ಯಂತ್ರದ ದಾಖಲೆ ತೆಗೆದು ಅಪರಾಧಿಯನ್ನು ಹುಡುಕಿದರು. ಸಿಕ್ಕಿಬಿಟ್ಟಿತು. ಎಂಟು ತಿಂಗಳ ಹಿಂದೆ, ದಿನಾ ಬೆಳಿಗ್ಗೆ ಒಂಬತ್ತೂ ಪರದೆಗಳ ಮೇಲೆ 'ಹೊಸತು ಬಂದಿದೆ, ಈಗ ಹಾಕಲೇ, ಆಮೇಲೆ ಹಾಕಲೇ?' ಎಂದು ಪೀಡಿಸುತ್ತಿದ್ದ ಪೆಟ್ಟಿಗೆಯೊಂದರ ಮೇಲೆ ರೇಗಿ, 'ಇನ್ನು ಮೇಲೆ ಕೇಳಬೇಡ' ಎಂಬಲ್ಲಿ ಯಾರೋ ಒತ್ತಿದ್ದರು. ಆ ಸಾಲಿನ ಉಳಿದರ್ಧ, 'ತಾನಾಗಿಯೇ ಹಾಕಿಕೋ' ಎಂಬುದನ್ನು, ಆ ಯಾರೋ ಕೋಪದಲ್ಲಿ ಓದಿರಲಿಲ್ಲ. ಅಂದಿನಿಂದ ಯಂತ್ರಗಳು ಬಂದ ಬಂದ ಕರ್ನಲ್‌ಗಳನ್ನೆಲ್ಲ ಸದ್ದಿಲ್ಲದೆ ಇಳಿಸಿಕೊಂಡು, ಒಮ್ಮೆ ಆರಿಸಿ ಹಚ್ಚಿದರೆ ಸಾಕು ಎಂದು ಕಾದು ಕೂತಿದ್ದವು. ಒತ್ತಿದವರ ಹೆಸರಿನ ಜಾಗದಲ್ಲಿ ಮೇಡಮ್ಮನ ಹೆಸರೇ ಇತ್ತು.

ಅವರು ದಾಖಲೆಯನ್ನು ಮೆಲ್ಲಗೆ ಮುಚ್ಚಿದರು.

"ಸ್ಕ್ಯಾನರ್ ಹೋಯ್ತೇನಮ್ಮಾ?" ಟೀಚರಮ್ಮ ಕೇಳಿದರು.

ಮೇಡಂ ಪುಸ್ತಕವನ್ನು ಮಗುಚಿಟ್ಟರು. ಹಿಂದಿನ ಸಲದ ಕರ್ನಲ್‌ನ ತಪ್ಪನ್ನು ಯಾವ ಪುಣ್ಯಾತ್ಮರು ತಿದ್ದಿದ್ದರೋ, ಸ್ಕ್ಯಾನರ್ ಎಂದೂ ಇಲ್ಲದಷ್ಟು ಚುರುಕಾಗಿ ಸುಂಯ್ ಎಂದು ಓಡಿತು. ಯಂತ್ರ ಕೊಲೆಗಾರನ ಹೆಸರನ್ನು ಇಡೀ ಗ್ರಂಥಾಲಯಕ್ಕೆ ಕೇಳುವಂತೆ ಹೇಳಿತು. ಟೀಚರಮ್ಮ ಚಪ್ಪಾಳೆ ತಟ್ಟಿದರು.

ಎಲ್ಲರೂ ಮೇಡಮ್ಮನ ಕಡೆ ತಿರುಗಿದರು. 'ಖಂಡಿತ ನಿಲ್ಲುತ್ತದೆ' ಎಂಬ ಪತ್ರಕ್ಕೆ ಆಗಷ್ಟೇ ಸಹಿ ಹಾಕಿದವರು ಅವರೆಲ್ಲ.

ಐದಕ್ಕೆ ಐದು ನಿಮಿಷವಿರುವಾಗ ಮುಖ್ಯರು ಓಡುತ್ತ ಬಂದರು. ಅವರು ಓಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. "ಮೇಡಂ, ಉತ್ತರ ಬಂತು! ನಿಮ್ಮ ಹೆಸರಿಗೆ!"

ಮೇಡಂ ಓದಿದರು. 'ತಮ್ಮ ಗ್ರಂಥಾಲಯದ ಒಂಬತ್ತೂ ಯಂತ್ರಗಳಲ್ಲಿ ಹೊಸ ಕರ್ನಲ್ ಚಾಲನೆಯಲ್ಲಿರುವುದು ನಮ್ಮ ಪರದೆಯಲ್ಲಿ ಕಂಡುಬಂದಿದೆ. ಇಷ್ಟು ಹಳೆಯ ಯಂತ್ರಗಳಲ್ಲಿ ಇದನ್ನು ಸಾಧಿಸಿದವರು ತಾವೊಬ್ಬರೇ. ತಮ್ಮ ಮೂರು ಪುಟಗಳ ಪತ್ರದ ಮೊದಲೆರಡು ಪುಟಗಳಲ್ಲಿರುವ ತಿಳಿವಳಿಕೆ ಅಪೂರ್ವವಾದುದು. ಮೊದಲ ಸಾಲನ್ನೂ ಮೂರನೆಯ ಪುಟವನ್ನೂ ನಾವು ಓದಿಲ್ಲವೆಂದು ಭಾವಿಸಲು ಸಿದ್ಧರಿದ್ದೇವೆ. ಅದಕ್ಕೆ ಬದಲಾಗಿ, ಉಳಿದ ಹದಿನಾಲ್ಕು ಶಾಖೆಗಳ ನೂರಾ ಮೂವತ್ತೊಂದು ಹಳೆಯ ಯಂತ್ರಗಳಿಗೆ ಖುದ್ದಾಗಿ ಹೋಗಿ ಹೊಸ ಕರ್ನಲ್ ಹಾಕಿಕೊಡುವ ಹೊಣೆಯನ್ನು ತಮಗೆ ಒಪ್ಪಿಸಲಾಗಿದೆ. ನಾಳೆಯಿಂದ.'

ಮೇಡಂ ಬಾಯಿ ತೆರೆದರು. ಹಾಕಿದ್ದು ನಾನಲ್ಲ ಎನ್ನಬೇಕು. ಹಾಗೆ ಹೇಳಿದರೆ, ಎಂಟು ತಿಂಗಳಿಂದ ನನ್ನ ಮೂಗಿನ ಕೆಳಗೆ ಏನು ನಡೆಯುತ್ತಿತ್ತೆಂದು ನನಗೇ ಗೊತ್ತಿರಲಿಲ್ಲ ಎಂದೂ ಬರೆಯಬೇಕು. ಬಾಯಿ ಮುಚ್ಚಿದರು. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ಕೂಗಾಡಲು ಯಾರ ಮುಖ ಸಿಕ್ಕೀತೆಂದು ಕೋಣೆಯನ್ನೆಲ್ಲ ನೋಡಿದರು. ಎಲ್ಲರೂ ಅಭಿನಂದಿಸಲು ಕೈ ಚಾಚಿ ನಿಂತಿದ್ದರು.

"ಹದಿನಾಲ್ಕು ಶಾಖೆಗೂ ರೈಲಿದೆ ಮೇಡಂ!" ಸ್ಟೇಷನ್ ಮಾಸ್ಟರು ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಇಡೀ ದಿನದಲ್ಲಿ ಅವರ ಮಾತನ್ನು ಯಾರೂ ಪೂರ್ತಿ ಕೇಳಿರಲಿಲ್ಲ. "ವೇಳಾಪಟ್ಟಿ ಪೂರಾ ನನ್ನ ಬಾಯಲ್ಲೇ ಇದೆ. ಬರ್ಕೊಳ್ಳಿ. ಮೊದಲನೇದು ಬೆಳಿಗ್ಗೆ ಐದು ನಲವತ್ತಕ್ಕೆ."

ಮೇಡಂ ಹಲ್ಲು ಕಚ್ಚಿಕೊಂಡು ಪೆನ್ನು ತೆಗೆದರು. ಬರೆದುಕೊಂಡರು.