ಕ್ಲ್ಯಾಂಪು ಬಿಗಿದ ಮೇಜಿನ ಊಟ

ನಮ್ಮ ಭಾವ ದೇವರನ್ನು ನಂಬುತ್ತಾರೆ, ಅಂಟನ್ನು ನಂಬುವುದಿಲ್ಲ. ಭಾವ ಎಂದರೆ ಅಕ್ಕನ ಗಂಡ. ಸ್ವೀಡನ್ನಿನ ಸೋಲ್ನಾದಲ್ಲಿ ಫ್ಲ್ಯಾಟು, ಟೆಲಿಕಾಂ ಕೆಲಸ. ರೈಲು ಈಗ ಬರುತ್ತದೆಂದು ಬೋರ್ಡು ಹೇಳಿದರೂ ಪ್ಲ್ಯಾಟ್‌ಫಾರ್ಮಿನ ಅಂಚಿಗೆ ಹೋಗಿ ಇಣುಕಿ ನೋಡುವ ಪೈಕಿ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಅಕ್ಕ ಆಣೆ ಮಾಡಿದರೂ ಅನುಮಾನವೇ. ಇಂಥವರು ಹವ್ಯಾಸಕ್ಕೆಂದು ಮರಗೆಲಸ ಹಿಡಿದರೆ ಏನಾಗಬೇಕು ಹೇಳಿ?

ಅವರ ಕಟ್ಟಡದ ನೆಲಮಾಳಿಗೆಯಲ್ಲಿ ನಿವಾಸಿಗಳಿಗೆಲ್ಲ ಸೇರಿದ ಮರಗೆಲಸದ ಕೋಣೆಯೊಂದಿದೆ. ಅಂಟಿಸಿದ ಮರ ಒಣಗುವವರೆಗೆ ಅದುಮಿ ಹಿಡಿಯುವ ಅಲ್ಲಿನ ಕಬ್ಬಿಣದ ಕ್ಲ್ಯಾಂಪುಗಳೆಲ್ಲ ಸದಾ ಭಾವನ ವಶ! ಅರ್ಧ ಗಂಟೆ ಬಿಗಿದಿಟ್ಟರೆ ಸಾಕು ಎಂದು ಅಂಟಿನ ಬಾಟಲಿಯ ಮೇಲೆ ಬರೆದಿದ್ದರೆ, ಇವರು ಎರಡು ದಿನ ಬಿಗಿದಿಡುತ್ತಾರೆ.

"ಬರೆದೋನಿಗೇನು? ಅವನೇನು ನಮ್ಮನೇಲಿ ಊಟಕ್ಕೆ ಕೂರ್ತಾನಾ?" ಎನ್ನುತ್ತಾರೆ.

ಅನುಮಾನ ಮರಕ್ಕಷ್ಟೇ ನಿಂತಿದ್ದರೆ ಯಾರ ತಕರಾರೂ ಇರಲಿಲ್ಲ. ಮಗಳು ದೂರದ ಲುಂಡ್ ಊರಿನಲ್ಲಿ ಓದುತ್ತಾಳೆ, ಒಬ್ಬ ಸ್ವೀಡಿಷ್ ಹುಡುಗನ ಜೊತೆ ಒಂದೇ ಮನೆಯಲ್ಲಿದ್ದಾಳೆ. ಮದುವೆಯಾಗದೆ ಹಾಗೆ ಜೊತೆಗಿರುವವನನ್ನು ಇಲ್ಲಿ 'ಸಂಬು' ಅನ್ನುತ್ತಾರೆ. ಭಾವ ಮಾತ್ರ 'ಶಂಭೋ' ಎಂದು ನಿಟ್ಟುಸಿರು ಬಿಡುತ್ತಾರೆ. ಕಳೆದ ಸಲ ಅವಳೊಬ್ಬಳೇ ಬಂದಾಗ, ಅವನು ಕುಡೀತಾನಾ, ಅವರಪ್ಪ ಏನ್ಮಾಡ್ತಾರೆ ಎಂದು ಕೇಳಿದ್ದೇ ಕೇಳಿದ್ದು. ಅವಳು ಅರ್ಧ ಊಟಕ್ಕೇ ಎದ್ದು ಹೋದವಳು ಆಮೇಲೆ ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಲಿಲ್ಲ. ಈಗ ಅಕ್ಕನಿಗೆ ಫೋನು: "ಸ್ಯಾಟರ್ಡೇ ಲಂಚ್‌ಗೆ ಇಬ್ರೂ ಬರ್ತೀವಿ, ಸಂಜೆ ಟ್ರೈನಿಗೆ ವಾಪಸ್. ಅಪ್ಪ ಮತ್ತೆ ಇಂಟರಾಗೇಟ್ ಮಾಡಿದ್ರೆ ಇದೇ ಲಾಸ್ಟ್."

ಭಾವ ನೇರ ನೆಲಮಾಳಿಗೆಗೆ ಇಳಿದರು. ಅಂಗಡಿ ಮೇಜಿನ ಮೇಲೆ ನಂಬಿಕೆಯಿಲ್ಲವಂತೆ, ಮಗಳಿಗೆ ತಾವೇ ಮಾಡಿದ ಮೇಜಿನ ಮೇಲೆ ಬಡಿಸಬೇಕಂತೆ. ಹಲಗೆಗಳ ಅಂಚಿಗೆ ಅಂಟು ಬಳಿದು, ಪಕ್ಕಪಕ್ಕ ಜೋಡಿಸಿ, ಮೇಲೊಂದು ಕೆಳಗೊಂದು ಕ್ಲ್ಯಾಂಪು ಹಾಕಿದರು. ಬಿಗಿದಂತೆಲ್ಲ ಅಂಟು ಹೊರಗೆ ಸುರಿಯಿತು.

"ಸಾಕು ಭಾವ," ಅಂದೆ.

"ನಿಂಗೊತ್ತಿಲ್ಲ, ಸುಮ್ನಿರು," ಎಂದು ಮೈಭಾರವೆಲ್ಲ ಬಿಟ್ಟು ಇನ್ನೊಂದು ಸುತ್ತು ತಿರುಗಿಸಿದರು.

ಶುಕ್ರವಾರ ಕ್ಲ್ಯಾಂಪು ಬಿಚ್ಚಿ ಇಬ್ಬರೂ ಸೇರಿ ಎತ್ತಿದೆವು. ಮೇಜಿನ ಹಲಗೆ ಹಪ್ಪಳದ ಹಾಗೆ ನಡುವೆ ಎರಡಾಯಿತು! ನಗು ಬಂದಿತ್ತು, ಭಾವನ ಮುಖ ನೋಡಿ ನುಂಗಿಕೊಂಡೆ. ಅವರು ಬಿಟ್ಟುಕೊಂಡ ಅಂಚನ್ನು ಬೆರಳಿನಿಂದ ಸವರಿದರು.

"ಒಳಗೆ ಅಂಟೇ ಇಲ್ವೋ. ಎಲ್ಲಾ ನಾನೇ ಹಿಂಡಿ ಆಚೆ ಹಾಕ್ಬಿಟ್ಟಿದೀನಿ."

ಅಂಚು ಕೆರೆದು ಮತ್ತೆ ಅಂಟಿಸಿದರು. ಅವರ ಲೆಕ್ಕದಲ್ಲಿ ಅದು ಒಣಗುವುದು ಭಾನುವಾರಕ್ಕೆ, ಊಟ ಶನಿವಾರ. ಹಾಗಾಗಿ ಕ್ಲ್ಯಾಂಪುಗಳ ಸಮೇತವೇ ಮೇಜು ಫ್ಲ್ಯಾಟಿಗೆ ಬಂತು. ಪಲ್ಯ, ಕ್ಲ್ಯಾಂಪು, ಸಾರು, ಕ್ಲ್ಯಾಂಪು! ಉದ್ದನೆಯ ಹುಡುಗ ಕೂತೊಡನೆ ಕೆಳಗಿನ ಕಬ್ಬಿಣಕ್ಕೆ ಮಂಡಿ ಬಡಿದುಕೊಂಡು, ಏನೂ ಆಗದವನಂತೆ ನಕ್ಕ. ಅದರಲ್ಲೂ ಭಾವನಿಗೆ ಏನೋ ಅನುಮಾನ ಬಂದಿರಬೇಕು. ಅವನನ್ನೇ ನೋಡಿದರು, ಬಾಯಿ ತೆರೆದರು. ಮಗಳ ಕೈ ತುತ್ತಿನಲ್ಲೇ ನಿಂತಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಭಾವನ ಕೈ ಪಕ್ಕದ ಕ್ಲ್ಯಾಂಪಿನ ಹಿಡಿಗೆ ಹೋಯಿತು. ಬಿಗಿಯುತ್ತಾರೆ ಅಂದುಕೊಂಡೆ, ತುಸು ಸಡಿಲಿಸಿದರು.

"ಮೇರ್ ಸಾರು?" ಎಂದರು. ಮೇರ್ ಅಂದರೆ ಸ್ವೀಡಿಷ್‌ನಲ್ಲಿ ಇನ್ನಷ್ಟು. ಹುಡುಗ ಬಟ್ಟಲು ಮುಂದೆ ಮಾಡಿದ.

ಸಂಜೆ ಮಗಳು ಕೋಟು ಹಾಕಿಕೊಂಡು ಮೇಜಿನ ಹತ್ತಿರ ನಿಂತಳು.

"ಅಪ್ಪ, ಈ ಕ್ಲ್ಯಾಂಪ್ಸ್ ಯಾವಾಗ ತೆಗೀತೀಯ?"

"ನಾಳೆ ಬೆಳಿಗ್ಗೆ."

ಅವಳು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. "ಹಾಗಾದ್ರೆ ನೋಡ್ಕೊಂಡೇ ಹೋಗ್ತೀವಿ."

"ನಿಜವಾಗ್ಲೂ?" ಅಂದರು ಭಾವ. ಅವತ್ತಿಡೀ ಅವರು ಮಗಳನ್ನು ಕೇಳಿದ ಪ್ರಶ್ನೆ ಅದೊಂದೇ.