ಮಂಜಿನ ಪದ್ಯಗಳಿಗೆ ನಾನು ಮಾಡಿದ ವಿಮರ್ಶೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಾಳೂರಿನ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ಮೂಡಿಗೆರೆಯ ಓದುಗರ ಬಳಗದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರಿಗೆ ಅದು ಹೇಗೆ ಕೇಳಿಸಿತೋ ಏನೋ! ಒಂದು ದಿನ ಐದು ಪುಸ್ತಕ ಕೈಗಿಟ್ಟು, "ಮುಂದಿನ ಸಭೇಲಿ ಇವುಗಳ ಬಗ್ಗೆ ಮುಲಾಜಿಲ್ದೆ ಮಾತಾಡ್ಬೇಕು" ಎಂದರು.

"ಅದಕ್ಕೇನಂತೆ ಸಾರ್!" ಎಂದೆ.

ಅದು ಹಣ್ಣು ಕೊಯ್ಲಿನ ಕಾಲ. ಸಭೆಯ ಹಿಂದಿನ ದಿನದವರೆಗೆ ನಾನು ಓದಿದ್ದು ಐದು ಮುಖಪುಟ. ಹೆಂಡತಿ ಸರೋಜ ಮಾತ್ರ ಐದನ್ನೂ ಮುಗಿಸಿದ್ದಳು.

"ನಿನ್ನ ಅಭಿಪ್ರಾಯ ಒಂದು ಹಾಳೇಲಿ ಬರ್ದುಕೊಡು ಮಾರಾಯ್ತಿ."

"ಇದ್ದದ್ದು ಇದ್ದ ಹಾಗೆ ಬರೀತೀನಿ. ಆಮೇಲೆ ನನ್ನನ್ನ ಅನ್ಬೇಡಿ."

ಬೆಳಿಗ್ಗೆ ಜೀಪಿನಲ್ಲಿ ಹದಿನೆಂಟು ಜನ. ಜೇಬಿನಿಂದ ಹಾಳೆ ತೆಗೆಯುವುದಿರಲಿ, ಕೆಮ್ಮಲೂ ಜಾಗವಿರಲಿಲ್ಲ. ಸಭೆಗೆ ಹೋದರೆ ಮುಂದಿನ ಸಾಲಿನಲ್ಲಿ ನಮ್ಮ ಎಸ್ಟೇಟಿನ ಸಾಹುಕಾರರು! ನನ್ನ ವಿದ್ವತ್ತು ಅವರ ಕಿವಿಗೂ ಬೀಳುತ್ತದಲ್ಲ ಎಂದು ಹಿಗ್ಗಿ ಹಾಳೆ ಬಿಚ್ಚಿದೆ.

"ಪತ್ತೇದಾರಿ ಕಾದಂಬರಿ. ಕೊಂದವನು ಯಾರೆಂದು ನನಗೆ ಹತ್ತನೇ ಪುಟದಲ್ಲಿ ಗೊತ್ತಾಯಿತು. ಇನ್‌ಸ್ಪೆಕ್ಟರಿಗೆ ಇನ್ನೂರನೇ ಪುಟದಲ್ಲಿ."

ಸಭೆ ನಕ್ಕಿತು.

"ಪ್ರವಾಸ ಕಥನ. ಲೇಖಕರು ಏಳು ದೇಶ ಸುತ್ತಿದ್ದಾರೆ. ಏಳರಲ್ಲೂ ಇಡ್ಲಿ ಹುಡುಕಿದ್ದಾರೆ. ಕಾಳುಮೆಣಸಿನ ಕೈಪಿಡಿ. ಬಳ್ಳಿ ಸೊರಗಿ ಸಾಯುವ ಅಧ್ಯಾಯದಲ್ಲಿ ಕಣ್ಣೀರು ಬಂತು."

ಚಪ್ಪಾಳೆ! ನನಗೆ ಮೈಮೇಲೆ ಬಂದಂತಾಯಿತು.

"ಅಡುಗೆ ಪುಸ್ತಕ. ಇದನ್ನು ನೋಡಿ ಕಡುಬು ಮಾಡಿದೆ. ನಾಯಿ ಮೂಸಿ ಹೋಯಿತು. ನಮ್ಮ ಯಜಮಾನರು ಮೂರು ತಿಂದರು."

ಜನ ಬಿದ್ದು ಬಿದ್ದು ನಕ್ಕರು. ಯಾಕೆಂದು ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಐದನೆಯದಕ್ಕೆ ನುಗ್ಗಿದೆ.

"ಕವನ ಸಂಕಲನ. ಮಂಜಿನ ಮೇಲೆ ಹದಿನಾಲ್ಕು ಪದ್ಯ. ದೇವರಮನೆ ಗುಡ್ಡದ ಮಂಜು ಹತ್ತು ಗಂಟೆಗೆ ಕರಗುತ್ತದೆ. ಇದು ಕೊನೆಯ ಪುಟದವರೆಗೂ ಕರಗುವುದಿಲ್ಲ. ಬರೆದವರಿಗೆ ಯಾರಾದರೂ ಒಂದು ಕೆಲಸ ಕೊಡಿಸಬೇಕು."

ಯಾರೂ ನಗಲಿಲ್ಲ. ಮೇಷ್ಟ್ರು ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದರು: "ಅದು ನಿಮ್ಮ ಸಾಹುಕಾರ್ರದ್ದೇ ಕಣ್ರೀ! ಮೇಲಿರೋದು ಕಾವ್ಯನಾಮ!"

ಸಾಹುಕಾರರು ನಿಧಾನವಾಗಿ ಎದ್ದರು. "ಅಡ್ಡಿಲ್ಲ. ಯಾವ ಪದ್ಯ ತೀರಾ ಕೆಟ್ಟದು?"

"ಎಲ್ಲಾ ಚೆನ್ನಾಗಿದಾವೆ ಸಾರ್!"

"ಒಂದರ ಹೆಸರು ಹೇಳು ಮಾರಾಯ."

ಹಾಳೆ ಮಡಚಿ ಜೇಬಿಗಿಟ್ಟೆ. "ನಾನು ಓದಿಲ್ಲ ಸಾರ್. ಬರ್ದಿದ್ದು ನನ್ನ ಹೆಂಡ್ತಿ."

ಅವರು ಮೇಷ್ಟ್ರ ಕಡೆ ತಿರುಗಿ, "ಮುಂದಿನ ಸಭೆಗೆ ಅವ್ರನ್ನೇ ಕರೀರಿ" ಎಂದು ಕುಳಿತರು.

ಮನೆಗೆ ಬಂದು ಹೇಳಿದರೆ ಸರೋಜ ಕೇಳಿದ್ದು ಒಂದೇ ಮಾತು: "ಸಭೆ ಯಾವತ್ತಂತೆ?"

ಕೆಲಸ ಹೋಗುವ ಭಯದಲ್ಲಿ ಆ ವಾರವೆಲ್ಲ ಆ ಸಂಕಲನ ಹಿಡಿದು ಕುಳಿತೆ. ಹನ್ನೊಂದನೆಯ ಪದ್ಯದಲ್ಲಿ, ಮಂಜಿನಲ್ಲಿ ಕಾಣದ ಹೆಂಗಸೊಬ್ಬಳು ತನ್ನ ದನವನ್ನು ಹೆಸರು ಹಿಡಿದು ಕರೆಯುತ್ತಾಳೆ. ಮೂರು ಸಲ ಓದಿದೆ. ನಿಜಕ್ಕೂ ಚೆನ್ನಾಗಿತ್ತು! ಕಾಫಿ ಒಣಗಿಸುವ ಕಣದಲ್ಲಿ ಸಾಹುಕಾರರು ಸಿಕ್ಕಾಗ ತಡೆಯಲಾರದೆ ಹೇಳಿಯೇಬಿಟ್ಟೆ.

"ಸಾರ್, ಆ ದನ ಕರೆಯೋ ಪದ್ಯ ಓದಿ ಕಣ್ಣು ಒದ್ದೆಯಾಯ್ತು."

ಅವರು ನನ್ನ ಬೆನ್ನು ತಟ್ಟಿದರು. "ಹೆದರ್ಬೇಡ ಮಾರಾಯ. ನಿನ್ನ ಕೆಲ್ಸ ಎಲ್ಲೂ ಹೋಗಲ್ಲ."

ಜೀವಮಾನದಲ್ಲಿ ನಾನೇ ಓದಿ, ನಾನೇ ಹೇಳಿದ ಅಭಿಪ್ರಾಯ ಅದೊಂದೇ. ಅದನ್ನು ಪದ್ಯ ಬರೆದವರೇ ನಂಬಲಿಲ್ಲ!