ಬಾಣಂತಿ ಕೋಣೆಯ ಕಿಟಕಿ

ಹುಣಸೂರಿನಲ್ಲಿ ಬಡಗಿ ಕೆಲಸ ಮಾಡುವವನಿಗೆ ನಗಲು ಬೇರೆ ನಾಟಕ ಬೇಕಿಲ್ಲ. ಬಾಗಿಲಿನ ಮೇಲೆ ಎಲ್ಲರಿಗೂ ಕಾಳಜಿ; ಕಿಟಕಿ ನೆನಪಾಗುವುದು ಮೂಗು ಸೋರಿದಾಗ ಮಾತ್ರ. ತೊಂಬತ್ತರ ದಶಕದಲ್ಲಿ ಕಟ್ಟೆಮಳಲವಾಡಿಯ ಒಂದು ಮನೆಯ ಒಂದೇ ಒಂದು ಕಿಟಕಿ ನನಗೆ ವರ್ಷಗಟ್ಟಲೆ ನಗು ಒದಗಿಸಿತು.

ಕಾಲ ಕೂಡಿ ಬರಲಿಲ್ಲ

ಬಾಗಿಲು ರಿಪೇರಿಗೆ ಹೋದವನು ಪಕ್ಕದ ಕೋಣೆಯ ಕಿಟಕಿ ನೋಡಿದೆ. ಚೌಕಟ್ಟಿಗೆ ಗೆದ್ದಲು. ಮುಚ್ಚಿದರೂ ಸಂದಿನಲ್ಲಿ ಬೆರಳು ತೂರುತ್ತಿತ್ತು. "ಚಳಿಗೆ ಮುಂಚೆ ಬದಲಾಯಿಸಿಬಿಡಿ" ಎಂದೆ.

ಯಜಮಾನರ ತಾಯಿ, ಆ ಮನೆಯ ಅಜ್ಜಿ, "ಆಷಾಢದಲ್ಲಿ ಯಾರಾದ್ರೂ ಮನೆ ಕೀಳ್ತಾರಾ?" ಅಂದರು.

ದೀಪಾವಳಿ ಕಳೆದ ಮೇಲೆ ಹೋದೆ. "ಇನ್ನೂ ಚಳೀನೇ ಬಂದಿಲ್ವಲ್ಲಪ್ಪ."

ಮಂಜು ಸುರಿಯುವಾಗ ಹೋದೆ. "ಧನುರ್ಮಾಸ ಕಣಪ್ಪ, ಮನೆ ಕೆಲ್ಸ ಮುಟ್ಟಬಾರ್ದು."

ಸಂಕ್ರಾಂತಿ ಮುಗಿದ ಮೇಲೆ ಅವರು ಕೊಟ್ಟ ಎಳ್ಳುಬೆಲ್ಲ ತಿನ್ನುತ್ತ ಮತ್ತೆ ಕೇಳಿದೆ.

"ಚಳಿ ಓಯ್ತಲ್ಲ, ಇನ್ಯಾಕೆ ಬುಡು!"

ಊದುಬತ್ತಿ

ಹೀಗೇ ಕೆಲವು ಚಳಿಗಾಲ ಉರುಳಿದವು. ಆಮೇಲೊಂದು ವರ್ಷ ಚುಂಚನಕಟ್ಟೆಗೆ ಕೊಟ್ಟಿದ್ದ ಯಜಮಾನರ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಹೆರಿಗೆ ಚಳಿಯಲ್ಲಿ, ಬಾಣಂತಿಗೆ ಅದೇ ಕೋಣೆ. ಯಜಮಾನರು ಗಾಬರಿಯಾಗಿ ಹೇಳಿದರು: "ಮಗೀಗೆ ಶೀತ ಆದ್ರೆ ಏನ್ಮಾಡದು? ಧನುರ್ಮಾಸ ಬರದ್ರೊಳ್ಗೆ ಮುಗ್ಸಿಬುಡು."

ಗಾಳಿ ಎಲ್ಲೆಲ್ಲಿ ನುಗ್ಗುತ್ತಿದೆಯೆಂದು ನೋಡಲು ಊದುಬತ್ತಿ ಹಚ್ಚಿ ಕಿಟಕಿಯ ಸುತ್ತ ಆಡಿಸಿದೆ. ಹೊಗೆ ಬಾಗಿದ ಕಡೆ ಸಂದು. ಅಳತೆಯ ಟೇಪು ತರಲು ಆಚೆ ಹೋಗಿ ಬರುವಷ್ಟರಲ್ಲಿ ಅಜ್ಜಿ ಕಿಟಕಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಕೈಮುಗಿದು ನಿಂತಿದ್ದರು. ಬಡಗಿಯೇ ಪೂಜೆ ಶುರು ಮಾಡಿದ ಮೇಲೆ ಮನೆಯವರು ಸುಮ್ಮನಿರಲಾಗುತ್ತದೆಯೇ?

"ಪೂಜೆ ಆಗಿರೋದ ಕೀಳ್ತೀಯಾ? ಬಸ್ರಿ ಇರೋ ಮನೆ ಕಣಪ್ಪ!"

ಯಜಮಾನರು ಉಪಾಯ ತೆಗೆದರು. "ಗೌರಮ್ಮನ್ನ ಪೂಜೆ ಮಾಡಿ ಕೆರೆಗೆ ಬುಡಲ್ವೇನವ್ವ? ಇದ್ನೂ ಬುಟ್ರಾಯ್ತು."

ಅಜ್ಜಿ ಯೋಚಿಸಿದರು. "ಗೌರಮ್ಮ ಮುಳುಗ್ತಾಳೆ ಕಣ್ಲಾ. ಕಿಟಕಿ ತೇಲ್ತದೆ!"

ಕೊನೆಗೆ ಹಸುವೂ ದೇವರೇ ಎಂದು ಒಪ್ಪಿಸಿ, ಹಳೇ ಕಿಟಕಿಯನ್ನು ಕೊಟ್ಟಿಗೆಗೆ ಸಾಗಿಸಿದೆವು.

ಹೊಸ ಕಿಟಕಿ

ತೇಗದ ಚೌಕಟ್ಟು, ಗಾಜು, ಸುತ್ತ ರಬ್ಬರ್ ಪಟ್ಟಿ. ಮುಚ್ಚಿದರೆ ಸೊಳ್ಳೆಗೂ ದಾರಿಯಿಲ್ಲ. ಹೆಣ್ಣುಮಗು ಹುಟ್ಟಿತು ಎಂದು ಕೇಳಿ ನನಗೂ ಸಂತೋಷವಾಯಿತು. ಆ ಕೂಸು ನನ್ನ ಕೆಲಸದಿಂದ ಬೆಚ್ಚಗೆ ಮಲಗುತ್ತದಲ್ಲ ಅಂತ.

ಸ್ವಲ್ಪ ದಿನಕ್ಕೇ ಯಜಮಾನರು ಬಸ್ಸಿಳಿದು ಬಂದರು. "ಅವ್ವ ಕರೀತವ್ಳೆ, ಬಾ."

ಹೋಗಿ ನೋಡಿದರೆ ಕಿಟಕಿ ಪೂರ್ತಿ ತೆರೆದಿದೆ, ಚಳಿಗಾಳಿ ನೇರ ಒಳಗೆ. ಬಾಣಂತಿ ಮಗುವನ್ನು ಅವುಚಿಕೊಂಡು ನಡುಮನೆಯಲ್ಲಿ ಕಣ್ಣೊರೆಸುತ್ತ ಕೂತಿದ್ದಾಳೆ. ಮಗುವಿಗೆ ನೀರೆರೆದ ಮೇಲೆ ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ ಸುರಿದಿದ್ದರು. ಹೊಗೆ ಹೋಗಲು ದಾರಿಯಿಲ್ಲದೆ ಕೋಣೆಯಲ್ಲಿ ಕೂಸು ಯಾವುದು, ದಿಂಬು ಯಾವುದು ತಿಳಿಯದಂತಾಗಿತ್ತು.

"ಇದಕ್ಕೆ ಒಂಚೂರು ಸಂದು ಮಾಡ್ಕೊಡಪ್ಪ" ಅಂದರು ಅಜ್ಜಿ.

"ಸಂದು ಮಾಡಿದ್ರೆ ಮಗೀಗೆ ಶೀತ ಆಗ್ತದಲ್ಲಜ್ಜಿ!"

ಅಜ್ಜಿಗೆ ಸಿಟ್ಟು ಬಂತು. "ಬಡಗಿ ಅಂತೀಯ, ಅಷ್ಟೂ ತಿಳೀದಾ? ಹೊಗೆ ಆಚಿಗೆ ಓಗಂಗೆ ಮಾಡು. ಗಾಳಿ ಒಳೀಕೆ ಬರದಂಗೆ ಮಾಡು!"